ಎರಡನೇ ವರ್ಷದ ನಂತರ ಕಾನೂನು ಕಾಲೇಜು ಬದಲಿಸುವುದು: ಕಂಪನಿ ಕೆಲಸ ಬೇಡ ಎನ್ನುವವರು ಎಲ್ಲಿಗೆ ಹೋಗಬೇಕು?

ಬ್ಯಾಡಗಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ. ಕೋರ್ಸಿನ ನಾಲ್ಕನೇ ಸೆಮಿಸ್ಟರ್ ಪರೀಕ್ಷೆಯನ್ನು ಈಗಷ್ಟೇ ಮುಗಿಸಿದ್ದೇನೆ. ಯಾವ ವಿಷಯವೂ ಬಾಕಿ ಉಳಿದಿಲ್ಲ. ನಮ್ಮ ಕಾಲೇಜು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಹೆಸರು ಬೇಡ. ಖಾಯಂ ಅಧ್ಯಾಪಕರು ಇಬ್ಬರೇ ಇದ್ದಾರೆ, ಉಳಿದವರು ಕೋರ್ಟು ಮುಗಿಸಿಕೊಂಡು ಬರುವ ಅತಿಥಿಗಳು. ‘ಅಣಕು ನ್ಯಾಯಾಲಯ’ ಎಂದು ಫಲಕ ಹಾಕಿದ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದಾರೆ. ಐದನೇ ಸೆಮಿಸ್ಟರಿಗೆ ಬೇರೆ ಕಡೆ ಹೋಗಬೇಕೆಂದು ನಿರ್ಧರಿಸಿದ್ದೇನೆ.

ಮುಂದೆ ಮೂರು ದಾರಿಗಳಿವೆ. ಒಂದು, ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಂಗಳೂರಿನ ಖಾಸಗಿ ಕಾಲೇಜು. ಶುಲ್ಕ ಈಗಿನದರ ಆರು ಪಟ್ಟು, ಕಂಪನಿಗಳು ಕ್ಯಾಂಪಸ್ಸಿಗೆ ಬರುತ್ತವೆ ಎಂದು ಕರಪತ್ರದಲ್ಲಿ ಬರೆದಿದ್ದಾರೆ. ಎರಡು, ಧಾರವಾಡದ ಒಂದು ಕಾಲೇಜು. ಶುಲ್ಕ ನಮ್ಮ ಕಾಲೇಜಿಗಿಂತ ಸ್ವಲ್ಪ ಹೆಚ್ಚು, ಕಂಪನಿ ಗಿಂಪನಿ ಯಾವುದೂ ಬರುವುದಿಲ್ಲ. ಮೂರು, ಬೆಂಗಳೂರಿನ ಹೊರವಲಯದ ಒಂದು ಡೀಮ್ಡ್ ವಿಶ್ವವಿದ್ಯಾಲಯ; ಮೂರನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುತ್ತೇವೆ ಎಂದು ಫೋನಿನಲ್ಲಿ ಹೇಳಿದರು.

ನನಗೆ ಕಂಪನಿಯ ಕೆಲಸ ಬೇಡ. ಸಿವಿಲ್ ನ್ಯಾಯಾಧೀಶೆ ಆಗಬೇಕು, ಅದಾಗದಿದ್ದರೆ ಸರ್ಕಾರಿ ಅಭಿಯೋಜಕಿ. ಕಾರಣವನ್ನೂ ಹೇಳುತ್ತೇನೆ. ನಮ್ಮ ಮನೆಯ ಪಾಲುವಾಟ್ನಿ ದಾವೆಯಲ್ಲಿ ನಮ್ಮಜ್ಜಿ ಸಾಕ್ಷಿ ಹೇಳುವಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಒಂದು ಪ್ರಶ್ನೆ ಕೇಳಿದಾಗ ಅಜ್ಜಿ, “ಹೌದನ್ನಾಂಗೂ ಇಲ್ಲರೀ, ಅಲ್ಲನ್ನಾಂಗೂ ಇಲ್ಲ” ಎಂದಳು. ಟೈಪಾಗಿದ್ದು ‘ನಿಜ’ ಎಂಬ ಒಂದೇ ಪದ. ಅಪ್ಪ ದೃಢೀಕೃತ ನಕಲು ತೆಗೆಸಿಕೊಂಡು ಬಂದ ಮೇಲೆಯೇ ಅದು ನಮಗೆ ತಿಳಿಯಿತು. ಆ ಕುರ್ಚಿಯಲ್ಲಿ ಕುಳಿತು ಅಂಥ ಮಾತನ್ನು ಸರಿಯಾಗಿ ಬರೆಸಬೇಕೆಂಬ ಹಟ ಅಂದಿನಿಂದ ಹಿಡಿದಿದೆ. ಯಾವ ಕಾಲೇಜು ಸರಿ, ಹೇಳಿರಿ.

ಧಾರವಾಡ ವಕೀಲ

ತಂಗಿ, ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ. ಕಂಪನಿಗೆ ಹೋಗುವವರಿಗೆ ಕಾಲೇಜಿನ ಹೆಸರು ಮುಖ್ಯ, ಏಕೆಂದರೆ ಅಲ್ಲಿ ಅರ್ಜಿಗಳನ್ನು ಮೊದಲು ಜಾಲಿಸುವುದೇ ಹೆಸರಿನ ಮೇಲೆ. ಕೋರ್ಟಿಗೆ ಹೋಗುವವರಿಗೆ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋರ್ಟು, ಬಿಡುವಿನ ಒಂದು ಹೊತ್ತು ಮತ್ತು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಫೈಲು ಕೊಡುವ ಒಬ್ಬ ಹಿರಿಯ ವಕೀಲರು. ಈ ಮೂರೂ ಒಟ್ಟಿಗೆ ಸಿಗುವ ಊರುಗಳು ನಮ್ಮ ಕಡೆ ಹೆಚ್ಚಿಲ್ಲ. ಧಾರವಾಡ ಅವುಗಳಲ್ಲಿ ಒಂದು. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಖಾಯಂ ಆಯಿತು. ಅದಕ್ಕೆ ಮೊದಲು ಒಂದು ಮೇಲ್ಮನವಿಗಾಗಿ ನಮ್ಮ ಕಕ್ಷಿದಾರರು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಜಿಲ್ಲಾ ನ್ಯಾಯಾಲಯ, ಹೈಕೋರ್ಟು ಎರಡೂ ಒಂದೇ ಊರಿನಲ್ಲಿವೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕೇಳುತ್ತವೆ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿಯೂ, ಮೇಲ್ಮನವಿ ನಡೆಸುವವರ ಬಳಿಯೂ ಒಮ್ಮೆಯಾದರೂ ಕೆಲಸ ಮಾಡಿರಬೇಕು ಎನ್ನುತ್ತವೆ. ಬೇರೆಡೆ ಇದನ್ನು ಕಾಗದದ ಮೇಲೆ ಮುಗಿಸುತ್ತಾರೆ. ಇಲ್ಲಿ ನಿಜವಾಗಿಯೇ ಮುಗಿಸಬಹುದು.

ಹುಬ್ಬಳ್ಳಿ ಪ್ರಯಾಣಿಕ

ನಡೆದು ಹೋಗುವಷ್ಟು ಹತ್ತಿರವೇ? ಹೈಕೋರ್ಟ್ ಪೀಠ ಇರುವುದು ಊರ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಧಾರವಾಡದ ಬೇಲೂರು ಗ್ರಾಮದ ಬಳಿ.

ಧಾರವಾಡ ವಕೀಲ

ಒಪ್ಪಿದೆ, ನಡೆದು ಹೋಗುವ ಮಾತು ಜಿಲ್ಲಾ ನ್ಯಾಯಾಲಯಕ್ಕೆ ಮಾತ್ರ. ಪೀಠಕ್ಕೆ ಬಸ್ಸು ಹಿಡಿಯಬೇಕು. ಆದರೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ನಮ್ಮ ತಂಗಿಗೆ ಶಕ್ತಿ ಯೋಜನೆಯಡಿ ಟಿಕೆಟ್ಟಿನ ಖರ್ಚಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಯಮ ಪುಸ್ತಕ

ಎಲ್ಲರೂ ಊರಿನ ಗುಣಗಾನ ಮಾಡುತ್ತಿದ್ದೀರಿ. ಕಾನೂನು ಶಿಕ್ಷಣ ನಿಯಮಗಳ 13ನೇ ನಿಯಮವು ಮಧ್ಯದಲ್ಲಿ ಪ್ರವೇಶವನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೂರು ದಾರಿಗಳಲ್ಲಿ ಮೂರೂ ಮುಚ್ಚಿವೆ. ಇದ್ದಲ್ಲಿಯೇ ಓದು ಮುಗಿಸುವುದು ಉತ್ತಮ.

ಮೈಸೂರು ಉಪನ್ಯಾಸಕ

13ನೇ ನಿಯಮವನ್ನು ಅರ್ಧ ಓದಿ ಮಕ್ಕಳನ್ನು ಹೆದರಿಸಬಾರದು. ಆ ನಿಯಮ ಎರಡು ಸಂಗತಿಗಳನ್ನು ತಡೆಯುತ್ತದೆ. ಬೇರೆ ಯಾವುದೋ ಪದವಿ ಇದೆ ಎಂಬ ಕಾರಣ ಹೇಳಿ ಐದು ವರ್ಷದ ಸಂಯೋಜಿತ ಕೋರ್ಸಿನ ಮಧ್ಯಕ್ಕೆ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಹಾಗೆಯೇ ಕೋರ್ಸನ್ನು ಸೀಳಿ, ಮಧ್ಯದಲ್ಲಿ ಬಿ.ಎ. ಪದವಿಯನ್ನಷ್ಟೇ ಕೊಟ್ಟು ಕಳುಹಿಸುವಂತಿಲ್ಲ. ಒಂದೇ ವಿಶ್ವವಿದ್ಯಾಲಯದ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ, ಅದೇ ಕೋರ್ಸಿನ ಮುಂದಿನ ಸೆಮಿಸ್ಟರಿಗೆ ಹೋಗುವುದು ಬೇರೆಯೇ ವಿಷಯ; ಅಲ್ಲಿ ವಿದ್ಯಾರ್ಥಿಯ ನೋಂದಣಿಯಾಗಲಿ ಪಠ್ಯಕ್ರಮವಾಗಲಿ ಬದಲಾಗುವುದಿಲ್ಲ, ಕುಳಿತುಕೊಳ್ಳುವ ಬೆಂಚು ಮಾತ್ರ ಬದಲಾಗುತ್ತದೆ.

ಅದಕ್ಕೆ ಈಗಿನ ಕಾಲೇಜಿನ ನಿರಾಕ್ಷೇಪಣಾ ಪತ್ರ, ಹೊಸ ಕಾಲೇಜಿನ ಸಮ್ಮತಿ ಪತ್ರ, ವಿಶ್ವವಿದ್ಯಾಲಯದ ಅನುಮತಿ ಈ ಮೂರು ಬೇಕು. ಒಂದು ವಿಭಾಗಕ್ಕೆ 60 ವಿದ್ಯಾರ್ಥಿಗಳ ಮಿತಿ ಇರುವುದರಿಂದ, ಹೊಸ ಕಾಲೇಜಿನ ನಿಮ್ಮ ತರಗತಿಯಲ್ಲಿ ಸೀಟು ಖಾಲಿ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಅದನ್ನು ಪ್ರಾಂಶುಪಾಲರಿಂದ ಬರವಣಿಗೆಯಲ್ಲಿ ಪಡೆಯದೆ ಈಗಿನ ಕಾಲೇಜಿನಿಂದ ಟಿ.ಸಿ. ತೆಗೆದುಕೊಳ್ಳಬೇಡಿ. ಟಿ.ಸಿ. ಕೈಗೆ ಬಂದು ಸೀಟು ಕೈ ತಪ್ಪಿದ ಒಬ್ಬ ಹುಡುಗ ನನ್ನ ಕಣ್ಣೆದುರೇ ಒಂದು ವರ್ಷ ಕಳೆದುಕೊಂಡ.

ಮೂರನೆಯ ದಾರಿ ಮಾತ್ರ ನಿಜಕ್ಕೂ ಕಷ್ಟದ್ದು. ಡೀಮ್ಡ್ ವಿಶ್ವವಿದ್ಯಾಲಯ ಎಂದರೆ ಬೇರೆ ವಿಶ್ವವಿದ್ಯಾಲಯ, ಬೇರೆ ಪಠ್ಯಕ್ರಮ. ನಾವು ಮೂರನೇ ಸೆಮಿಸ್ಟರಿನಲ್ಲಿ ಕಲಿಸುವುದನ್ನು ಅವರು ಐದರಲ್ಲಿ ಕಲಿಸುತ್ತಿರಬಹುದು, ನಾವು ಐದಕ್ಕೆ ಇಟ್ಟುಕೊಂಡಿರುವುದು ಅವರಲ್ಲಿ ಆಗಲೇ ಮುಗಿದಿರಬಹುದು.

ಟ್ರಂಕು ಹೊತ್ತವನು

ಆ ಮೂರನೆಯ ದಾರಿಯಲ್ಲಿ ನಾನು ನಡೆದು ಬಂದಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ. ಒಂದು ಸಂಸ್ಥೆಯವರು ನನ್ನನ್ನು ಫೋನಿನಲ್ಲಿ ‘ನೇರವಾಗಿ ಮೂರನೇ ವರ್ಷ’ ಎಂದು ಕರೆದರು. ಮೊದಲ ವರ್ಷದ ಶುಲ್ಕವನ್ನು ಪೂರ್ತಿ ಕಟ್ಟಿಸಿಕೊಂಡ ಮೇಲೆ, ಎರಡೂ ಕಡೆಯ ವಿಷಯಗಳು ಹೊಂದುತ್ತವೆಯೇ ಎಂದು ನೋಡುವ ಸಮಾನತಾ ಸಮಿತಿ ಸೇರಿತು. ನಾಲ್ಕು ವಿಷಯಗಳು ಅವರ ಪಠ್ಯಕ್ರಮಕ್ಕೆ ಹೊಂದುವುದಿಲ್ಲವೆಂದು ಪಟ್ಟಿ ಕೊಟ್ಟಿತು. ಐದನೇ ಸೆಮಿಸ್ಟರಿನ ವಿಷಯಗಳ ಜೊತೆ ಮೊದಲ ವರ್ಷದವರ ಪಕ್ಕ ಕುಳಿತು ಆ ನಾಲ್ಕನ್ನೂ ಬರೆದೆ. ಮುಂದೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯಲು ಹೋದಾಗ ಎರಡು ವಿಶ್ವವಿದ್ಯಾಲಯಗಳ ಅಂಕಪಟ್ಟಿಗಳನ್ನು ನೋಡಿದ ಗುಮಾಸ್ತರು ಒಂದಾದ ಮೇಲೊಂದು ಕಾಗದ ಕೇಳಿದರು. ವಲಸೆ ಪ್ರಮಾಣಪತ್ರ, ಸಮಾನತಾ ಪತ್ರ, ಎರಡೂ ಕಡೆಯ ಪಠ್ಯಕ್ರಮದ ಪ್ರತಿ ಎಲ್ಲವನ್ನೂ ಒಂದು ಟ್ರಂಕಿನಲ್ಲಿ ಹಾಕಿಕೊಂಡು ತಿರುಗಿದ್ದೇನೆ. ತಂಗಿ, ಆ ನಂಬರನ್ನು ಫೋನಿನಿಂದ ಅಳಿಸಿ ಹಾಕು.

ಬ್ಯಾಡಗಿ ವಿದ್ಯಾರ್ಥಿನಿ

ಅಳಿಸಿದೆ, ಅಣ್ಣ. ಇನ್ನೊಂದು ಸಂದೇಹವಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಈಗ ಮೂರು ವರ್ಷದ ಎಲ್‌ಎಲ್‌.ಬಿ. ಕೂಡ ಇದೆಯಂತೆ. ಇನ್ನೊಂದು ವರ್ಷ ಇಲ್ಲಿಯೇ ಓದಿ, ಬಿ.ಎ. ಪದವಿ ತೆಗೆದುಕೊಂಡು, ಅಲ್ಲಿನ ಪ್ರವೇಶ ಪರೀಕ್ಷೆ ಬರೆದರೆ ಹೇಗೆ?

ಮೈಸೂರು ಉಪನ್ಯಾಸಕ

ಮೇಲೆ ಹೇಳಿದ 13ನೇ ನಿಯಮದ ಎರಡನೆಯ ಭಾಗ ತಡೆಯುವುದು ಇದನ್ನೇ. ಮೂರು ವರ್ಷ ಓದಿದರೆ ಬಿ.ಎ. ಬೇರೆಯಾಗಿ ಕೈಗೆ ಬರುವುದಿಲ್ಲ. ಐದು ವರ್ಷ ಮುಗಿದ ಮೇಲೆ ಎರಡೂ ಒಟ್ಟಿಗೆ ಬರುತ್ತವೆ. 2022ರಲ್ಲಿ ಆರಂಭವಾದ ಅಲ್ಲಿನ ಮೂರು ವರ್ಷದ ಕೋರ್ಸು ಪದವಿ ಪಡೆದವರಿಗೆ ಮಾತ್ರ. ನೀವು ಅಲ್ಲಿಗೆ ಹೋಗಲೇಬೇಕೆಂದಿದ್ದರೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಕೋರ್ಸಿಗೆ ಮೊದಲಿನಿಂದ ಸೇರಬೇಕು. ರಾಜ್ಯದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ 25 ಶೇಕಡಾ ಸ್ಥಾನಗಳ ಮೀಸಲು ಇದೆ, ಅದು ನಿಮಗೆ ಅನುಕೂಲವೇ. ಆದರೆ ಓದಿದ ಎರಡು ವರ್ಷಗಳು ಹೋದ ಹಾಗೆಯೇ.

ಜಯನಗರ

ಎರಡು ವರ್ಷ ಹೋದರೆ ಹೋಗಲಿ, ಅಲ್ಲಿನ ಗ್ರಂಥಾಲಯ ಮತ್ತು ಸಹಪಾಠಿಗಳು ಇಡೀ ಬದುಕಿಗಾಗುತ್ತಾರೆ. ಮಾಧವ ಮೆನನ್ ಅವರು ನಾಗರಭಾವಿಯಲ್ಲಿ ಆ ಶಾಲೆಯನ್ನು ಕಟ್ಟಿದ್ದೇ ವಕೀಲ ವೃತ್ತಿಗೆ ಒಳ್ಳೆಯವರು ಬರಲಿ ಎಂದು.

ಧಾರವಾಡ ವಕೀಲ

ಕಟ್ಟಿದ್ದು ಅದಕ್ಕೇ ಇರಬಹುದು. ಅಲ್ಲಿಂದ ಹೊರಬಂದವರಲ್ಲಿ ಎಷ್ಟು ಜನರನ್ನು ನೀವು ಹಾವೇರಿಯ ಕೋರ್ಟಿನ ಆವರಣದಲ್ಲಿ ಕಂಡಿದ್ದೀರಿ?

ಜಯನಗರ

ಹಾವೇರಿಯಲ್ಲಿ ಕಾಣದಿದ್ದರೆ ತಪ್ಪು ಶಾಲೆಯದ್ದೇ, ಹಾವೇರಿಯದ್ದೇ? ಕಿರಿಯ ವಕೀಲರಿಗೆ ತಿಂಗಳಿಗೆ ಬಸ್ಸಿನ ಚಾರ್ಜು ಕೊಟ್ಟು ದುಡಿಸಿಕೊಳ್ಳುವ ಕಡೆಗೆ ಸಾಲ ಮಾಡಿ ಓದಿದವರು ಯಾವ ಧೈರ್ಯದ ಮೇಲೆ ಬರಬೇಕು? 2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಕಿರಿಯರಿಗೆ ನಗರಗಳಲ್ಲಿ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಭತ್ಯೆ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ಧಾರವಾಡದ ವಕೀಲರೇ, ನಿಮ್ಮ ಕಚೇರಿಯಲ್ಲಿ ಎಷ್ಟು ಕೊಡುತ್ತೀರಿ?

ಧಾರವಾಡ ವಕೀಲ

ಅಷ್ಟು ಕೊಡುವುದಿಲ್ಲ. ಮೊದಲ ವರ್ಷ ಅದರ ಅರ್ಧಕ್ಕಿಂತಲೂ ಕಡಿಮೆ ಕೊಡುತ್ತೇನೆ. ನನಗೆ ನನ್ನ ಹಿರಿಯರು ಏನನ್ನೂ ಕೊಟ್ಟಿರಲಿಲ್ಲ ಎಂಬುದು ಸಮರ್ಥನೆಯಲ್ಲ ಎಂದು ಗೊತ್ತಿದೆ.

ಕಂಪನಿ ಬಿಟ್ಟವಳು

ಇಲ್ಲಿ ಕಂಪನಿ ಎಂದರೆ ಪಾಪ ಎಂಬಂತೆ ಮಾತು ಸಾಗುತ್ತಿದೆ. ಅದಕ್ಕೆ ನನ್ನ ತಕರಾರಿದೆ. ನಾನು ಶಿವಮೊಗ್ಗದ ಕಡೆಯವಳು, ಎರಡನೇ ವರ್ಷದ ನಂತರ ಬೆಂಗಳೂರಿಗೆ ಕಾಲೇಜು ಬದಲಿಸಿದವಳು, ಶಿಕ್ಷಣ ಸಾಲ ಮಾಡಿದವಳು. ಮೂರು ವರ್ಷ ಒಂದು ದೊಡ್ಡ ಕಾನೂನು ಸಂಸ್ಥೆಯಲ್ಲಿ ಬಡಾವಣೆ ಮಾಡುವವರಿಗಾಗಿ ಜಮೀನಿನ ಹಕ್ಕುಪತ್ರಗಳನ್ನು ಪರಿಶೀಲಿಸಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಹಣಿ, ಮ್ಯುಟೇಷನ್, ಋಣಭಾರ ಪ್ರಮಾಣಪತ್ರ, ಹಳೆಯ ಕೈಬರಹದ ಕ್ರಯಪತ್ರಗಳು. ಆ ಕಚೇರಿಯಲ್ಲಿ ಕನ್ನಡದ ಹಳೆಯ ಕೈಬರಹ ಓದಬಲ್ಲವರು ನಾವಿಬ್ಬರೇ ಇದ್ದೆವು. ಐಷಾರಾಮಿ ಕಾಲೇಜುಗಳಿಂದ ಬಂದವರು ನಮ್ಮ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಹಾಗೆ ಓದುತ್ತಾ ಓದುತ್ತಾ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಪರಭಾರೆ ಮಾಡಬಾರದ ಜಮೀನುಗಳನ್ನು, ಅಂದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನುಗಳನ್ನು, ಯಾರು ಯಾರ ಕೈಯಿಂದ ಹೇಗೆ ಬರೆಸಿಕೊಂಡಿದ್ದರು ಎಂಬುದು ಕಾಣತೊಡಗಿತು. ಸಾಲ ತೀರಿದ ತಿಂಗಳು ರಾಜೀನಾಮೆ ಕೊಟ್ಟೆ. ಈಗ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ ಅದೇ ಕಾಯ್ದೆಯಡಿ ಜಮೀನು ಮರಳಿ ಕೇಳುವವರ ಪರವಾಗಿ ನಿಲ್ಲುತ್ತೇನೆ. ಎದುರಿನವರ ಕಾಗದಗಳನ್ನು ಯಾರು, ಹೇಗೆ ಸಿದ್ಧಪಡಿಸಿರುತ್ತಾರೆ ಎಂದು ನನಗೆ ಗೊತ್ತಿರುವುದು ಆ ಮೂರು ವರ್ಷಗಳಿಂದ.

ಹಾಗೆಂದು ಬೆಂಗಳೂರಿಗೇ ಬನ್ನಿ ಎನ್ನುತ್ತಿಲ್ಲ. ಕರಪತ್ರದಲ್ಲಿರುವ ‘ಕಂಪನಿಗಳು ಬರುತ್ತವೆ’ ಎಂಬ ಮಾತಿನ ಹಿಂದೆ ಎಷ್ಟು ಕಂಪನಿಗಳು, ಎಷ್ಟು ಜನರನ್ನು, ಯಾವ ಕೆಲಸಕ್ಕೆ ತೆಗೆದುಕೊಂಡವು ಎಂದು ಹಿಂದಿನ ವರ್ಷ ಓದು ಮುಗಿಸಿದವರನ್ನೇ ಕೇಳಿ. ನಮ್ಮ ತರಗತಿಯಲ್ಲಿ ಕೆಲಸ ಸಿಕ್ಕವರು ಕೈಬೆರಳಿನಲ್ಲಿ ಎಣಿಸುವಷ್ಟು; ಉಳಿದವರಿಗೆ ಸಿಕ್ಕಿದ್ದು ಸಾಲದ ಕಂತು. ತಿಂಗಳ ಕಂತು ತಲೆಯ ಮೇಲಿದ್ದರೆ ನ್ಯಾಯಾಧೀಶರ ಪರೀಕ್ಷೆಗೆ ಓದುವುದು ಆಗದ ಮಾತು.

ಪಿ.ಜಿ. ಊಟ

ಬೆಂಗಳೂರಿನಲ್ಲಿ ಶುಲ್ಕಕ್ಕಿಂತ ಮೊದಲು ಪಿ.ಜಿ.ಯ ಬಾಡಿಗೆ ಮತ್ತು ಮುಂಗಡ ಹಣವನ್ನು ಕೇಳಿಕೊಂಡು ಬನ್ನಿ.

ಸಿವಿಲ್ ಜಡ್ಜ್ ಆಕಾಂಕ್ಷಿ

ಎಲ್ಲರೂ ಒಂದು ದೊಡ್ಡ ಸಂಗತಿಯನ್ನು ಬಿಟ್ಟಿದ್ದೀರಿ. 2025ರ ಮೇ 20ರಂದು ಸುಪ್ರೀಂ ಕೋರ್ಟು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ವೃತ್ತಿ ಮತ್ತೆ ಕಡ್ಡಾಯವಾಗಿದೆ. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಈ ಷರತ್ತನ್ನು ತೆಗೆಯಲಾಗಿತ್ತು. ಓದು ಮುಗಿಸಿ ಕೋಚಿಂಗ್ ಸೇರಿ ನೇರವಾಗಿ ಪೀಠಕ್ಕೆ ಏರುವ ಕಾಲ ಅದಾಗಿತ್ತು. ಈಗ ಆ ಕಾಲ ಮುಗಿಯಿತು. ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸುತ್ತಾರೆ, ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಕೆಲಸ ಮಾಡಿದ ಅವಧಿಯೂ ಸೇರುತ್ತದೆ. ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರ ಪ್ರಮಾಣಪತ್ರ ಬೇಕು, ಅದರ ಮೇಲೆ ಅಲ್ಲಿನ ಪ್ರಧಾನ ನ್ಯಾಯಾಧಿಕಾರಿಗಳ ದೃಢೀಕರಣವೂ ಬೇಕು. ಸಹಾಯಕ ಸರ್ಕಾರಿ ಅಭಿಯೋಜಕರ ನೇಮಕಾತಿಗೂ ನಮ್ಮ ರಾಜ್ಯದಲ್ಲಿ ಮೂರು ವರ್ಷದ ವೃತ್ತಿ ಕೇಳುತ್ತಾರೆ.

ಲೆಕ್ಕ ಹಾಕಿ ನೋಡಿ. ಈಕೆ ಪದವಿ ಪಡೆಯಲು ಇನ್ನೂ ಮೂರು ವರ್ಷ, ಅದರ ಮೇಲೆ ವೃತ್ತಿಯ ಮೂರು ವರ್ಷ. ಅಂದರೆ ಈಗ ಆರಿಸಿಕೊಳ್ಳುತ್ತಿರುವುದು ಕಾಲೇಜನ್ನಲ್ಲ, ಆರು ವರ್ಷ ಇರಬೇಕಾದ ಊರನ್ನು.

ಕಂಪನಿ ಬಿಟ್ಟವಳು

ಆರು ವರ್ಷದ ಮಾತನ್ನು ಒಪ್ಪುತ್ತೇನೆ. ಈ ತೀರ್ಪು ನಾನು ಕಂಪನಿ ಬಿಡುವ ಮೊದಲೇ ಬಂದಿದ್ದರೆ ನನ್ನ ಲೆಕ್ಕವೂ ಬೇರೆಯಾಗಿರುತ್ತಿತ್ತು.

ನಿವೃತ್ತ ಶಿರಸ್ತೇದಾರ

ಮಗಳೇ, ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನ ಮಾತನ್ನು ಸ್ವಲ್ಪ ಕೇಳು. ನಿನ್ನ ಅಜ್ಜಿಯ ಉತ್ತರ ‘ನಿಜ’ ಆದದ್ದರಲ್ಲಿ ದುರುದ್ದೇಶ ಇದ್ದಿರಲಿಕ್ಕಿಲ್ಲ. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಓದಿ ನಿಮ್ಮ ಕಡೆಗೆ ವರ್ಗವಾಗಿ ಬಂದವರ ಕಿವಿಗೆ ಆ ಮಾತು ಒಪ್ಪಿಕೊಂಡಂತೆಯೂ ಕೇಳಿಸುತ್ತದೆ, ನಿರಾಕರಿಸಿದಂತೆಯೂ ಕೇಳಿಸುತ್ತದೆ. ಆ ದಿನ ಪಟ್ಟಿಯಲ್ಲಿ ಎಂಬತ್ತು ಪ್ರಕರಣಗಳಿರುತ್ತವೆ, ಟೈಪು ಮಾಡುವವನ ಬೆರಳು ಹೇಳಿದ್ದಕ್ಕಿಂತ ಮುಂದೆ ಓಡುತ್ತಿರುತ್ತದೆ. ಸಾಕ್ಷಿ ಹೇಳಿದವರಿಗೆ ಬರೆದದ್ದನ್ನು ಓದಿ ಹೇಳಿ ಸಹಿ ಮಾಡಿಸಬೇಕು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಆ ಓದು ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನಿಮ್ಮ ವಕೀಲರು ಅಲ್ಲಿಯೇ ಎದ್ದು ನಿಂತು, ಸಾಕ್ಷಿಯ ಮಾತನ್ನು ಆಡಿದಂತೆಯೇ ದಾಖಲಿಸಿ ಎಂದು ಕೇಳಬಹುದಾಗಿತ್ತು.

ಇದನ್ನು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಒಂದು ಪತ್ರಿಕೆಯೇ ಇದೆ. ಸಾಕ್ಷಿ ಹೇಳಿಕೆ, ತೀರ್ಪು, ದಸ್ತಾವೇಜು ಇಂಥವನ್ನೇ ಕೊಡುತ್ತಾರೆ. ದೊಡ್ಡ ಕಾಲೇಜುಗಳಿಂದ ಬಂದ ಎಷ್ಟೋ ಜಾಣರು ಕಾನೂನಿನ ಪತ್ರಿಕೆಗಳಲ್ಲಿ ಗೆದ್ದು ಇಲ್ಲಿ ಮುಗ್ಗರಿಸಿದ್ದನ್ನು ಕಂಡಿದ್ದೇನೆ. ಜನ ಕನ್ನಡದಲ್ಲಿ ಸಾಕ್ಷಿ ಹೇಳುವ ಊರಿನಲ್ಲಿ ಓದು.

ಜಯನಗರ

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಸಂವಿಧಾನದ 348ನೇ ವಿಧಿಯ ಕಾರಣ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲೇ ಇದೆ. ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದು, ಇಂಗ್ಲಿಷಿನ ತೀರ್ಪನ್ನು ಒಮ್ಮೆಯೂ ಪೂರ್ತಿ ಓದದೆ ಹೊರಬರುವವರನ್ನೂ ನಾನು ನೋಡಿದ್ದೇನೆ. ಅನುವಾದ ಎಂದರೆ ಎರಡೂ ದಡ ಗಟ್ಟಿಯಾಗಿರಬೇಕು.

ನಿವೃತ್ತ ಶಿರಸ್ತೇದಾರ

ಸರಿಯಾದ ಮಾತು. ದಿನಕ್ಕೆ ಒಂದು ತೀರ್ಪು ಓದಲಿ. ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳು ಈಗ ಕನ್ನಡದಲ್ಲಿಯೂ ಸಿಗುತ್ತವೆ, ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಲಿ.

ಬೆಳಗಾವಿ ಹಳೆಯ ವಿದ್ಯಾರ್ಥಿ

ಧಾರವಾಡ, ಬೆಂಗಳೂರು ಬಿಟ್ಟರೆ ಬೇರೆ ಊರೇ ಇಲ್ಲವೇ? ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ನಮ್ಮ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯ ಅವರು 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಆಗ ಕ್ಯಾಂಪಸ್ಸಿಗೆ ಯಾವ ಕಂಪನಿ ಬಂದಿತ್ತು?

ಪಿ.ಜಿ. ಊಟ

ಆಗ ಪಿ.ಜಿ.ಯೂ ಇರಲಿಲ್ಲ ಸರ್.

ಕಾನೂನು ನೆರವು ವಕೀಲೆ, ಕಲಬುರಗಿ

ನ್ಯಾಯಾಧೀಶೆ, ಇಲ್ಲವೇ ಅಭಿಯೋಜಕಿ ಎಂದು ಎರಡೇ ದಾರಿ ಬರೆದಿದ್ದೀರಿ. ಮೂರು ವರ್ಷ ವೃತ್ತಿ ಮಾಡಲೇಬೇಕೆಂದ ಮೇಲೆ ಆ ಮೂರು ವರ್ಷಗಳಲ್ಲಿ ಹೊಟ್ಟೆಗೆ ಏನು ಎಂಬುದನ್ನೂ ಈಗಲೇ ಯೋಚಿಸಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಕೆಳಗೆ 2022ರಿಂದ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದಿವೆ. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರವಾಗಿ ಪೂರ್ಣಾವಧಿ ಕೆಲಸ. ಮುಖ್ಯ ಅಭಿರಕ್ಷಕರಿಗೆ ಹತ್ತು ವರ್ಷದ ಅನುಭವ ಬೇಕು, ಆದರೆ ಸಹಾಯಕ ಅಭಿರಕ್ಷಕರಾಗಿ ಹೊಸಬರೂ ಸೇರಬಹುದು. ಗುತ್ತಿಗೆಯ ಕೆಲಸ, ಖಾಸಗಿ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ಆದರೆ ತಿಂಗಳಿಗೆ ನಿಶ್ಚಿತ ಗೌರವಧನ ಬರುತ್ತದೆ ಮತ್ತು ಹಿರಿಯರ ಕೋಟು ಹಿಡಿದು ನಿಲ್ಲುವ ಬದಲು ಮೊದಲ ತಿಂಗಳಿನಿಂದಲೇ ಜಾಮೀನು ಅರ್ಜಿ ವಾದಿಸುತ್ತೀರಿ.

ನಾನು ಮೊದಲ ಬಾರಿ ಜೈಲಿಗೆ ಭೇಟಿ ಕೊಟ್ಟಾಗ ಜಾಮೀನು ಸಿಕ್ಕಿ ಎರಡು ತಿಂಗಳಾದರೂ ಒಳಗೇ ಇದ್ದ ಒಬ್ಬ ಹುಡುಗನನ್ನು ಕಂಡೆ. ಜಾಮೀನುದಾರ ಸಿಕ್ಕಿರಲಿಲ್ಲ, ಅಷ್ಟೇ ಕಾರಣ. ಷರತ್ತು ಸಡಿಲಿಸಲು ಕೋರಿ ಒಂದೂವರೆ ಪುಟದ ಅರ್ಜಿ ಹಾಕಿದೆವು. ಆ ಅರ್ಜಿಯನ್ನು ಬರೆಯಲು ನಾನು ಕಲಿತದ್ದು ಕಾಲೇಜಿನ ಕಾನೂನು ನೆರವು ಘಟಕದಲ್ಲಿ. ಆದ್ದರಿಂದ ಹೊಸ ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ. ಕಾನೂನು ನೆರವು ಘಟಕದ ರಿಜಿಸ್ಟರ್ ತೋರಿಸಿ ಎಂದು ಕೇಳಿ. ಕೊನೆಯ ನಮೂದು ಯಾವ ತಾರೀಖಿನದು ಎಂದು ನೋಡಿ.

ಮೈಸೂರು ಉಪನ್ಯಾಸಕ

ರಿಜಿಸ್ಟರ್ ಕೇಳುವ ಉಪಾಯ ಚೆನ್ನಾಗಿದೆ. ನಮ್ಮ ಕಾಲೇಜಿನಲ್ಲಿ ಯಾರೂ ಕೇಳದಿರಲಿ ಎಂದು ಪ್ರಾರ್ಥಿಸುತ್ತೇನೆ.

ವಿಧಾನಸೌಧ ಮೂರನೇ ಮಹಡಿ

ಕೋರ್ಟಿನ ಹೊರಗೂ ಕಾನೂನಿನ ಕೆಲಸವಿದೆ. ಮಸೂದೆಗಳು ಮೂಡುವುದು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯಲ್ಲಿ. ಕಾಯ್ದೆಗಳನ್ನು ಕನ್ನಡಕ್ಕೆ ತರುವ ಭಾಷಾಂತರದ ಕೆಲಸವಿದೆ. ಸಂಸದರ ಜೊತೆ ಸುಮಾರು ಒಂದು ವರ್ಷ ಸಂಶೋಧನೆ ಮಾಡುವ ಲ್ಯಾಂಪ್ ಫೆಲೋಶಿಪ್ ಇದೆ. ಬೆಂಗಳೂರಿನಲ್ಲಿ ನ್ಯಾಯಾಲಯಗಳ ವಿಳಂಬವನ್ನೇ ಅಧ್ಯಯನ ಮಾಡುವ ದಕ್ಷ್ ಎಂಬ ಸಂಸ್ಥೆ ಇದೆ. ಇಂಥ ಕಡೆ ಹೋಗುವ ಮನಸ್ಸಿದ್ದರೆ ಮಾತ್ರ ಬೆಂಗಳೂರಿನಲ್ಲಿ ಓದುವುದಕ್ಕೆ ಅರ್ಥವಿದೆ, ಏಕೆಂದರೆ ಅಲ್ಲಿನ ಇಂಟರ್ನ್‌ಶಿಪ್ಪುಗಳು ಸಿಗುವುದು ಎದುರಿಗೆ ಕಾಣುವವರಿಗೆ.

ನಿಯಮ ಪುಸ್ತಕ

13ನೇ ನಿಯಮದ ವಿಷಯದಲ್ಲಿ ನಾನು ಅವಸರಪಟ್ಟೆ, ಉಪನ್ಯಾಸಕರು ಹೇಳಿದ್ದೇ ಸರಿ. ಪ್ರಾಯಶ್ಚಿತ್ತವಾಗಿ ಒಂದು ಉಪಯುಕ್ತ ಮಾಹಿತಿ: 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸನ್ನದಿನ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ. ಹಿಂದೆ ಸಾವಿರಗಟ್ಟಲೆ ಕಟ್ಟಿದವರು ನಾವು.

ಬ್ಯಾಡಗಿ ವಿದ್ಯಾರ್ಥಿನಿ

ಎಲ್ಲರ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ. ಮೊನ್ನೆ ಇಬ್ಬರೂ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋಗಿದ್ದೆವು. ಕಾಲೇಜಿನಲ್ಲಿ ಕಾನೂನು ನೆರವು ಘಟಕದ ರಿಜಿಸ್ಟರ್ ಕೇಳಿದಾಗ ಗುಮಾಸ್ತರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಹುಡುಕಲು ಅರ್ಧ ಗಂಟೆ ಬೇಕಾಯಿತು. ಕೊನೆಯ ನಮೂದು ಈ ಮಾರ್ಚಿನದು, ಒಬ್ಬ ಮುದುಕಿಯ ವಿಧವಾ ವೇತನ ನಿಂತ ಬಗ್ಗೆ ತಹಶೀಲ್ದಾರರಿಗೆ ಬರೆದ ಅರ್ಜಿ. ಅದಕ್ಕೆ ಹಿಂದಿನದು ಮಾತ್ರ ಏಳು ತಿಂಗಳಷ್ಟು ಹಳೆಯದು. ಖಾಯಂ ಅಧ್ಯಾಪಕರು ಐವರಿದ್ದಾರೆ. ಐದನೇ ಸೆಮಿಸ್ಟರಿನಲ್ಲಿ ಎಂಟು ಸೀಟು ಖಾಲಿ ಇವೆ ಎಂದು ಪ್ರಾಂಶುಪಾಲರು ಬಾಯಿಯಲ್ಲಿ ಹೇಳಿದರು. ಬರೆದುಕೊಡಿ ಎಂದು ಕೇಳಿದೆ, ಸೋಮವಾರ ಬನ್ನಿ ಎಂದರು.

ಮಧ್ಯಾಹ್ನ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ಸಿವಿಲ್ ದಾವೆಯ ಪಾಟೀಸವಾಲನ್ನು ಹಿಂದೆ ಕುಳಿತು ಕೇಳಿದೆ. ಸಾಕ್ಷಿ ಕಟ್ಟೆಯಲ್ಲಿದ್ದ ರೈತರು ಒಂದು ಪ್ರಶ್ನೆಗೆ, “ಆವಾಗ ನಮ್ಮಪ್ಪ ಇದ್ರು, ಅವರನ್ನ ಕೇಳ್ಬೇಕಿತ್ರೀ” ಎಂದರು. ನ್ಯಾಯಾಧೀಶರು ಟೈಪಿಸ್ಟನ್ನು ಕೈಯೆತ್ತಿ ನಿಲ್ಲಿಸಿ, “ಅಂದರೆ ನಿಮಗೆ ಗೊತ್ತಿಲ್ಲ ಎಂದೋ, ನಡೆದಿಲ್ಲ ಎಂದೋ?” ಎಂದು ಮತ್ತೊಮ್ಮೆ ಕೇಳಿ, ಆಮೇಲೆ ಬರೆಸಿದರು. ಅಪ್ಪ ನನ್ನ ಮೊಣಕೈ ತಿವಿದರು.

ಸಾಲ ಮಾಡುವುದಿಲ್ಲ. ಧಾರವಾಡವೇ ಎಂದುಕೊಂಡಿದ್ದೇನೆ. ಧಾರವಾಡದ ವಕೀಲರೇ, ನಿಮ್ಮ ಕಚೇರಿಗೆ ಇಂಟರ್ನ್‌ಶಿಪ್ಪಿಗೆ ಬರಬಹುದೇ?

ಧಾರವಾಡ ವಕೀಲ

ಬಾ. ಆದರೆ ಸಂಜೆ ಆರರ ನಂತರ, ಮೊದಲ ತಿಂಗಳು ನಕಲು ಅರ್ಜಿ ಬರೆಯುವುದು ಮತ್ತು ಕೇಸ್ ಡೈರಿಯಲ್ಲಿ ಮುಂದಿನ ತಾರೀಖು ಹಾಕುವುದು ಮಾತ್ರ. ಜಯನಗರದವರು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇಂಟರ್ನ್‌ಗಳಿಗೆ ಚಹಾದ ಖರ್ಚು ನನ್ನದು.

ಜಯನಗರ

ಚಹಾದ ಜೊತೆ ಗಿರಮಿಟ್ಟನ್ನೂ ಸೇರಿಸಿ.

ಮೈಸೂರು ಉಪನ್ಯಾಸಕ

ಸೋಮವಾರ ಸೀಟಿನ ಪತ್ರ ಕೈಗೆ ಬಂದ ಮೇಲೆಯೇ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಕೊಡಿ. ಟಿ.ಸಿ. ಎಲ್ಲಕ್ಕಿಂತ ಕೊನೆಗೆ. ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.